ಸೌತ್ ಪೆರೇಡ್ ಮಹಾತ್ಮಾ ಗಾಂಧಿ ರಸ್ತೆಯಾದ ಬಗೆ

ಬೀದಿಗೆ ಹೆಸರಿಡುವುದು ಅಲ್ಪ ಕಾರ್ಯವೆಂದು ತೋರಬಹುದು. ಆದರೂ ಆ ಕಾಲದಲ್ಲಿ ಊರನ್ನಾಳಿದವರು ಯಾರು, ಅವರು ಯಾವುದನ್ನು ಹಿರಿದೆಂದು ಎಣಿಸಿದ್ದರು ಎಂಬುದು ಆ ಹೆಸರಿನಿಂದ ತಿಳಿದುಬರುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ನಮ್ಮ ಭಕ್ತಾದಿಗಳಿಗೆ ಬೆಳಗಾವಿಯ ಕಾಂಗ್ರೆಸ್ ರಸ್ತೆ ಪರಿಚಿತವೇ ಆಗಿದೆ. 1924ರ ಡಿಸೆಂಬರಿನಲ್ಲಿ ಟಿಳಕವಾಡಿಯಲ್ಲಿ ಜರುಗಿದ ಕಾಂಗ್ರೆಸ್ ಅಧಿವೇಶನದ ಸ್ಮರಣೆ ಆ ಹೆಸರಿನಲ್ಲಿ ಉಳಿದಿದೆ. ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನವದು. ಅದೇ ಮಹಾತ್ಮರ ನಾಮವು ರಾಜಧಾನಿ ಬೆಂಗಳೂರಿನ ಪ್ರಮುಖ ಬೀದಿಗೆ ಪ್ರಾಪ್ತವಾದ ವೃತ್ತಾಂತವನ್ನು ಇಲ್ಲಿ ನಿರೂಪಿಸಬಯಸುತ್ತೇವೆ.

1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ತಮ್ಮ ಸೈನ್ಯವನ್ನು ಬೆಂಗಳೂರಿಗೆ ತಂದು ದಂಡುಪ್ರದೇಶವನ್ನು ಸ್ಥಾಪಿಸಿದರು. ಸೈನಿಕರ ಕವಾಯತಿಗೆಂದು ವಿಶಾಲವಾದ ಮೈದಾನವೊಂದು ಸಿದ್ಧವಾಯಿತು. ಅದರ ದಕ್ಷಿಣದ ಅಂಚಿನಲ್ಲಿ ಸಾಗುವ ರಸ್ತೆಗೆ ಸೌತ್ ಪೆರೇಡ್ ಎಂಬ ಹೆಸರಾಯಿತು. ಮೈದಾನವೇ ಕೇಂದ್ರ, ಬೀದಿಗಳ ಗುರುತು ಅದರ ದಿಕ್ಕುಗಳಿಂದ. ಐರಿಷ್ ಕಥೋಲಿಕ ಸೈನಿಕರ ಆತ್ಮಹಿತಕ್ಕಾಗಿ ಸಂತ ಪ್ಯಾಟ್ರಿಕರ ದೇವಾಲಯವು ಕಟ್ಟಲ್ಪಟ್ಟುದೂ ಈ ದಂಡುಪ್ರದೇಶದಲ್ಲಿಯೇ.

1881ರಲ್ಲಿ ಮೈಸೂರು ಸಂಸ್ಥಾನವು ಒಡೆಯರಿಗೆ ಮರಳಿ ದೊರೆತರೂ ದಂಡುಪ್ರದೇಶ ಬ್ರಿಟಿಷರ ಕೈಯಲ್ಲಿಯೇ ಉಳಿಯಿತು. ಹೀಗೆ ಒಂದೇ ಊರಿಗೆ ಎರಡು ಆಡಳಿತಗಳು. 1947ರ ಜುಲೈ 26ರಂದು ಆ ಪ್ರದೇಶವು ಮೈಸೂರಿಗೆ ಹಿಂದಿರುಗಿತು. 1948ರ ಜನವರಿ 30ರಂದು ಗಾಂಧೀಜಿಯವರ ಹತ್ಯೆಯಾಯಿತು. ದೇಶವು ಶೋಕದಲ್ಲಿ ಮುಳುಗಿದ್ದಾಗಲೇ, ತಿಂಗಳು ತುಂಬುವ ಮುನ್ನ, ಫೆಬ್ರವರಿ 26ರಂದು ಸೌತ್ ಪೆರೇಡ್ ಮಹಾತ್ಮಾ ಗಾಂಧಿ ರಸ್ತೆಯಾಯಿತು. ಮರುವರ್ಷ, 1949ರಲ್ಲಿ, ಪೇಟೆ ಮತ್ತು ದಂಡುಗಳ ಪುರಸಭೆಗಳು ಕೂಡಿ ಒಂದೇ ನಗರಪಾಲಿಕೆಯಾದವು. ಪರರ ಸೈನ್ಯದ ಗುರುತನ್ನು ಹೊತ್ತಿದ್ದ ಬೀದಿಗೆ ಅಹಿಂಸೆಯನ್ನು ಬೋಧಿಸಿದವರ ಹೆಸರು ಬಂದುದು ನ್ಯಾಯವೇ ಸರಿ. 2011ರಲ್ಲಿ ಆರಂಭವಾದ ಮೆಟ್ರೋ ರೈಲಿನ ನಿಲ್ದಾಣವೂ ಅದೇ ಹೆಸರನ್ನು ಪಡೆಯಿತು.

ಆದರೆ ಹಳೆಯ ಹೆಸರುಗಳು ಪೂರ್ಣವಾಗಿ ಅಳಿಯಲಿಲ್ಲ. ಅಲ್ಲಿನ ಪ್ರೊಟೆಸ್ಟಂಟ್ ಸಹೋದರರ ಒಂದು ದೇವಾಲಯ ಈಗಲೂ ಈಸ್ಟ್ ಪೆರೇಡ್ ಚರ್ಚ್ ಎಂದೇ ಪ್ರಸಿದ್ಧ. ರಸ್ತೆಯ ಫಲಕವನ್ನು ಸರ್ಕಾರ ಬದಲಿಸುತ್ತದೆ. ದೇವಾಲಯದ ಹೆಸರನ್ನು ಭಕ್ತಜನರ ನಾಲಿಗೆ ಕಾಪಾಡುತ್ತದೆ.

ಇದರಲ್ಲಿ ನಮಗೂ ಒಂದು ಪಾಠವಿದೆ. 2014ರ ನವೆಂಬರ್ 1ರಿಂದ ಇಂಗ್ಲಿಷಿನ ಬೆಲ್ಗಾಂ ಎಂಬುದು ಅಧಿಕೃತವಾಗಿ ಬೆಳಗಾವಿಯಾಗಿದೆ. ಹಳೆಯ ಜ್ಞಾನಸ್ನಾನ ಹಾಗೂ ವಿವಾಹದ ದಾಖಲೆಗಳಲ್ಲಿ ಹಿಂದಿನ ಹೆಸರೇ ಇರುವುದು ಸಹಜ. ಅದನ್ನು ತಿದ್ದಿ ಬರೆಯುವುದು ಸಲ್ಲದು. ಪಕ್ಕದಲ್ಲಿ ಇಂದಿನ ಹೆಸರನ್ನು ಗುರುತಿಸಿದರೆ ಸಾಕು. ಪ್ರತಿಯೊಂದು ಕುಟುಂಬವೂ ತನ್ನ ಹಿರಿಯರು ವಾಸಿಸಿದ ಓಣಿಯ ಹಳೆಯ ಹೆಸರನ್ನೂ ಹೊಸ ಹೆಸರನ್ನೂ ಒಂದೆಡೆ ಬರೆದಿಡಲಿ. ಮುಂದಿನ ಪೀಳಿಗೆಗೆ ನಾವು ಸಲ್ಲಿಸಬಹುದಾದ ಸುಲಭವಾದ, ಆದರೆ ಬಹು ಬೆಲೆಯುಳ್ಳ ಸೇವೆ ಇದಾಗಿದೆ.