ನಮೂನೆಯ ಆ ಒಂದು ಕಾಲಂ

ವಿದುರಾಶ್ವತ್ಥದ ಅಶ್ವತ್ಥಕಟ್ಟೆಯ ಸುತ್ತ ಸಾವಿರಾರು ನಾಗರಕಲ್ಲುಗಳಿವೆ. ಹಲವು ಸಂತಾನಕ್ಕಾಗಿ ಹೊತ್ತ ಹರಕೆಯವು. ಒಡಲಿನ ಆಸೆ, ಅಳಲುಗಳನ್ನು ಕಲ್ಲಿಗೆ ಒಪ್ಪಿಸಿ ಹೋದವರನ್ನು ಅಲ್ಲಿ ಯಾರೂ ವಿವರ ಕೇಳುವುದಿಲ್ಲ. ಕಚೇರಿಯ ಕಾಗದ ಮಾತ್ರ ಕೇಳಿದ್ದುಂಟು.

1989ರಲ್ಲಿ ನೀರಾ ಮಾಥುರ್ ಎಂಬವರು ಜೀವ ವಿಮಾ ನಿಗಮದಲ್ಲಿ ಕೆಲಸಕ್ಕೆ ಆಯ್ಕೆಯಾದರು. ವೈದ್ಯಕೀಯ ತಪಾಸಣೆಯ ಜೊತೆಗೆ ತುಂಬಬೇಕಾದ ಘೋಷಣಾಪತ್ರವು ಕಡೆಯ ಮುಟ್ಟಿನ ದಿನಾಂಕ, ಗರ್ಭಧಾರಣೆಗಳ ಸಂಖ್ಯೆ, ಗರ್ಭಪಾತ ಎಲ್ಲವನ್ನೂ ಕೇಳಿತ್ತು. ಹೆರಿಗೆಯ ನಂತರ, 1990ರಲ್ಲಿ, ಅವರನ್ನು ಕೆಲಸದಿಂದ ತೆಗೆಯಲಾಯಿತು. ಮುಟ್ಟಿನ ದಿನಾಂಕವನ್ನು ಸುಳ್ಳು ಬರೆದರೆಂಬುದು ನಿಗಮದ ವಾದ. 1991ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಮರಳಿ ಸೇರಿಸಿಕೊಳ್ಳುವಂತೆ ಆದೇಶಿಸಿತು; ಹೆಣ್ಣಿನ ಆತ್ಮಗೌರವವನ್ನು ಕುಗ್ಗಿಸುವ ಆ ಕಾಲಂಗಳನ್ನು ಅಳಿಸಬೇಕೆಂದಿತು. ಆ ಪೀಠದಲ್ಲಿದ್ದವರು ಕನ್ನಡಿಗರಾದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ.

ಆದರೂ 2007ರಲ್ಲಿ ಅಖಿಲ ಭಾರತ ಸೇವೆಗಳ ಮಹಿಳಾ ಅಧಿಕಾರಿಗಳ ಆರೋಗ್ಯ ನಮೂನೆಯಲ್ಲಿ ಅದೇ ಪ್ರಶ್ನೆ ಮತ್ತೆ ತಲೆಯೆತ್ತಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು.

ಗರ್ಭಿಣಿಯನ್ನು ವೈದ್ಯೆ ಕಡೆಯ ಮುಟ್ಟಿನ ದಿನ ಕೇಳುವುದು ಹೆರಿಗೆಯ ದಿನ ಲೆಕ್ಕಹಾಕಲು. ಅಲ್ಲಿ ಮುಚ್ಚಿಟ್ಟರೆ ತಾಯಿ-ಮಗುವಿಗೆ ಅಪಾಯ. ಅದೇ ಪ್ರಶ್ನೆಯನ್ನು ಉದ್ಯೋಗದಾತ ಕೇಳಿದರೆ ಅದು ಅನ್ನಕ್ಕೆ ಕಲ್ಲಾಗುತ್ತದೆ. ಆದ್ದರಿಂದ ನಮೂನೆ ಕೈಗೆ ಬಂದಾಗ, "ಇದು ಏತಕ್ಕೆ ಬೇಕು, ಇದನ್ನು ಓದುವವರು ಯಾರು?" ಎಂದು ವಿನಯದಿಂದ ಕೇಳಿರಿ. ನಿಮ್ಮ ಹೆಣ್ಣುಮಕ್ಕಳಿಗೂ ಹಾಗೆ ಕೇಳುವುದನ್ನು ಕಲಿಸಿರಿ.