ಸ್ನಾಯು ಸಡಿಲಕಗಳ ವಿಸರ್ಜನೆ: ಚರಿತ್ರೆ

ಶಸ್ತ್ರಚಿಕಿತ್ಸೆಯ ವೇಳೆ ಅರಿವಳಿಕೆಯ ಜೊತೆಗೆ ಕೊಡುವ ಸ್ನಾಯು ಸಡಿಲಕಗಳು ನರ ಮತ್ತು ಸ್ನಾಯು ಸೇರುವ ಸಂಧಿಯಲ್ಲಿ ಕೆಲಸ ಮಾಡಿ, ಉಸಿರಾಟದ ಸ್ನಾಯುಗಳೂ ಸೇರಿದಂತೆ ಇಡೀ ದೇಹವನ್ನು ತಾತ್ಕಾಲಿಕವಾಗಿ ನಿಶ್ಚಲಗೊಳಿಸುತ್ತವೆ. ಇವು ದೇಹದಿಂದ ಇಲ್ಲವಾಗುವ ದಾರಿಗಳು ಮುಖ್ಯವಾಗಿ ನಾಲ್ಕು: ಮೂತ್ರಪಿಂಡ, ಯಕೃತ್ತು, ರಕ್ತದ ಕಿಣ್ವ ಮತ್ತು ಅಣು ತಾನಾಗಿಯೇ ಒಡೆಯುವ ರಾಸಾಯನಿಕ ಕ್ರಿಯೆ. ಒಂದೊಂದು ಔಷಧಕ್ಕೆ ಒಂದೊಂದು ದಾರಿಯನ್ನು ಹಂಚಿಕೊಡುವ ಪಟ್ಟಿಗಳು ಪರೀಕ್ಷೆಗೆ ಓದುವವರಿಗೆ ಅನುಕೂಲವೇ ಹೊರತು, ಮೂಲ ಸಂಶೋಧನೆಗಳು ಅಷ್ಟು ನೇರವಾದ ಚಿತ್ರ ಕೊಡುವುದಿಲ್ಲ. ಅಟ್ರಾಕ್ಯೂರಿಯಂ ಎಂಬ ಸಡಿಲಕದ ವಿಷಯದಲ್ಲಂತೂ ಗೊಂದಲ ಹೆಚ್ಚು.

ಕ್ಯುರಾರೆ ಎಂಬ ಬಾಣದ ವಿಷ ದಕ್ಷಿಣ ಅಮೆರಿಕದಿಂದ ಪ್ರಯೋಗಾಲಯಕ್ಕೆ ಬಂದ ಕಥೆ, ಅದರ ಮೇಲೆ ಕ್ಲಾಡ್ ಬರ್ನಾರ್ಡ್ ನಡೆಸಿದ ಪ್ರಯೋಗಗಳು, 1942ರ ಜನವರಿಯಲ್ಲಿ ಮಾಂಟ್ರಿಯಲ್‌ನಲ್ಲಿ ಹೆರಾಲ್ಡ್ ಗ್ರಿಫಿತ್ ಮತ್ತು ಎನಿಡ್ ಜಾನ್ಸನ್ ಅದನ್ನು ಅರಿವಳಿಕೆಯಲ್ಲಿ ಬಳಸಿದ್ದು ಸುಪರಿಚಿತ. ವಿಸರ್ಜನೆಯ ದೃಷ್ಟಿಯಿಂದ ಗಮನಿಸಬೇಕಾದದ್ದು ಬೇರೆಯದು. ಕ್ಯುರಾರೆಯ ಸಕ್ರಿಯ ಅಂಶವಾದ ಟ್ಯೂಬೊಕ್ಯುರಾರಿನ್ ಒಂದು ಸಲ ಕೊಟ್ಟಾಗ ಪರಿಣಾಮ ಇಳಿಯುವುದು ಬಹುಪಾಲು ಔಷಧ ರಕ್ತದಿಂದ ಇತರ ಅಂಗಾಂಶಗಳಿಗೆ ಹಂಚಿಹೋಗುವುದರಿಂದ. ಹೊರಹೋಗುವ ಕೆಲಸ ಆಮೇಲೂ ನಡೆಯುತ್ತಿರುತ್ತದೆ. ಮತ್ತೆ ಮತ್ತೆ ಕೊಟ್ಟರೆ ಅಂಗಾಂಶಗಳು ತುಂಬಿಕೊಂಡು ಪರಿಣಾಮ ಎಳೆಯುತ್ತದೆ. ಇದರ ಹೆಚ್ಚಿನ ಪಾಲು ಮೂತ್ರದಲ್ಲಿ, ಸ್ವಲ್ಪ ಪಿತ್ತರಸದಲ್ಲಿ ಹೋಗುತ್ತದೆ. 1940ರ ದಶಕದಲ್ಲಿ ಡೇನಿಯಲ್ ಬೊವೆ ರೂಪಿಸಿದ ಗ್ಯಾಲಮಿನ್‌ಗೆ ಇಂಥ ಪರ್ಯಾಯವಿರಲಿಲ್ಲ. ಅದು ಹೆಚ್ಚುಕಡಿಮೆ ಪೂರ್ತಿ ಮೂತ್ರಪಿಂಡವನ್ನೇ ನಂಬಿಕೊಂಡಿತ್ತು. ಮೂತ್ರಪಿಂಡ ಕೈಕೊಟ್ಟ ರೋಗಿಗಳು ಗಂಟೆಗಟ್ಟಲೆ ನಿಶ್ಚಲರಾಗಿ ಉಳಿದ ವರದಿಗಳು ಬಂದವು.

ಕಿಣ್ವದ ದಾರಿಯನ್ನು ತೋರಿಸಿದ್ದು ಸಕ್ಸಮೆಥೋನಿಯಂ. ಈ ವಸ್ತುವನ್ನು ರೀಡ್ ಹಂಟ್ ಮತ್ತು ಟಾವೋ 1906ರಲ್ಲೇ ಪರೀಕ್ಷಿಸಿದ್ದರು. ಆದರೆ ಮೊದಲೇ ಕ್ಯುರಾರೆ ಕೊಟ್ಟ ಪ್ರಾಣಿಗಳ ಮೇಲೆ ಪ್ರಯೋಗಿಸಿದ್ದರಿಂದ ಅದರ ನಿಶ್ಚಲಗೊಳಿಸುವ ಗುಣ ಅವರ ಕಣ್ಣಿಗೆ ಬೀಳಲಿಲ್ಲ. 1951ರ ಸುಮಾರಿಗೆ ಅದು ಯುರೋಪಿನ ಶಸ್ತ್ರಚಿಕಿತ್ಸಾ ಕೊಠಡಿಗಳಿಗೆ ಬಂತು. ರಕ್ತರಸದ ಕೋಲೀನೆಸ್ಟರೇಸ್ ಕಿಣ್ವ ಅದನ್ನು ಕೆಲವೇ ನಿಮಿಷಗಳಲ್ಲಿ ಒಡೆಯುತ್ತದೆ. ಕೊಟ್ಟ ಔಷಧದ ಸಣ್ಣ ಪಾಲು ಮಾತ್ರ ನರ–ಸ್ನಾಯು ಸಂಧಿಯನ್ನು ತಲುಪುತ್ತದೆ. ಆದರೆ ಈ ಕಿಣ್ವದಲ್ಲಿ ಆನುವಂಶಿಕ ದೋಷವಿದ್ದ ಕೆಲವರಲ್ಲಿ ಉಸಿರು ಗಂಟೆಗಳವರೆಗೆ ಮರಳುತ್ತಿರಲಿಲ್ಲ. ಭಾರತದ ಆಸ್ಪತ್ರೆಗಳಲ್ಲಿ ಇದಕ್ಕೆ, ಸಕ್ಸಮೆಥೋನಿಯಂನ ವ್ಯಾಪಾರನಾಮದಿಂದ, ಇಂದಿಗೂ 'ಸ್ಕೋಲೀನ್ ಅಪ್ನಿಯಾ' ಎನ್ನುವುದೇ ರೂಢಿ. 1957ರಲ್ಲಿ ಟೊರೊಂಟೊದ ವರ್ನರ್ ಕಾಲೊ ಮತ್ತು ಜೆನೆಸ್ಟ್ ಡಿಬುಕೇನ್ ಎಂಬ ಸ್ಥಳೀಯ ಅರಿವಳಿಕೆ ಔಷಧದಿಂದ ಈ ಕಿಣ್ವ ಎಷ್ಟು ಕುಗ್ಗುತ್ತದೆಂದು ಅಳೆಯುವ ವಿಧಾನ ಪ್ರಕಟಿಸಿದರು. ಸಾಮಾನ್ಯ ಕಿಣ್ವ ಶೇ. 80ರಷ್ಟು ಕುಗ್ಗಿದರೆ, ತಂದೆತಾಯಿ ಇಬ್ಬರಿಂದಲೂ ದೋಷ ಪಡೆದವರದು ಸುಮಾರು ಶೇ. 20 ಮಾತ್ರ. ಔಷಧದ ವರ್ತನೆಗೂ ವಂಶವಾಹಿಗೂ ಇರುವ ನಂಟನ್ನು ಸಂಖ್ಯೆಯಲ್ಲಿ ಹಿಡಿದ ಮೊದಮೊದಲ ಕೆಲಸಗಳಲ್ಲಿ ಇದೊಂದು.

ದಕ್ಷಿಣ ಭಾರತಕ್ಕೆ ಸಂಬಂಧಿಸಿದ ಮುಖ್ಯ ದಾಖಲೆ ಇದಕ್ಕಿಂತ ಬಹಳ ಈಚಿನದು. ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದ ಆರ್. ಬೂಪತಿ ಮತ್ತು ಸಂಗಡಿಗರು ಅಮೆರಿಕದ ಒಕ್ಸಾನ ಲಾಕ್ರಿಜ್ ಜೊತೆ ಸೇರಿ 2006ರಲ್ಲಿ ಪ್ರಕಟಿಸಿದ ಅಧ್ಯಯನ, ವೈಶ್ಯ ಸಮುದಾಯದಲ್ಲಿ ಈ ಕಿಣ್ವವೇ ಇಲ್ಲದಂತಿರುವವರ ಪ್ರಮಾಣ ಪಾಶ್ಚಾತ್ಯ ಜನಸಮೂಹಗಳಿಗಿಂತ ಬಹಳ ಹೆಚ್ಚೆಂದು ತೋರಿಸಿತು. ಕಾರಣ, ಪ್ರೋಟೀನಿನ 307ನೇ ಸ್ಥಾನದಲ್ಲಿ ಲ್ಯೂಸಿನ್ ಬದಲು ಪ್ರೋಲಿನ್ ಬಂದಿರುವುದು. ಇವರು ಉಳಿದಂತೆ ಆರೋಗ್ಯವಂತರೇ. ಸಕ್ಸಮೆಥೋನಿಯಂ ಅಥವಾ ಅದೇ ಕಿಣ್ವವನ್ನು ನೆಚ್ಚಿದ ಮಿವಾಕ್ಯೂರಿಯಂ ಕೊಡುವವರೆಗೆ ಕೊರತೆ ಹೊರಗೆ ಕಾಣುವುದಿಲ್ಲ. ವಿದೇಶಿ ಪಠ್ಯಗಳಲ್ಲಿರುವ ಅಪಾಯದ ಅಂದಾಜುಗಳನ್ನು ಇಲ್ಲಿಗೆ ನೇರವಾಗಿ ಅನ್ವಯಿಸಲಾಗದು ಎನ್ನುವುದಕ್ಕೆ ಇಷ್ಟು ಸಾಕು.

ಯಾವ ಅಂಗದ ಹಂಗೂ ಇಲ್ಲದ ಸಡಿಲಕ ಬೇಕೆಂಬ ಹುಡುಕಾಟ ಫಲ ಕೊಟ್ಟದ್ದು ಗ್ಲಾಸ್ಗೊದ ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾಲಯದಲ್ಲಿ. ಕ್ವಾಟರ್ನರಿ ಅಮೋನಿಯಂ ಸಂಯುಕ್ತಗಳು ಪ್ರಬಲ ಕ್ಷಾರ ಮತ್ತು ಶಾಖದಲ್ಲಿ ಒಡೆಯುವುದನ್ನು ಜರ್ಮನಿಯ ರಸಾಯನಶಾಸ್ತ್ರಜ್ಞ ಹಾಫ್‌ಮನ್ 1851ರಲ್ಲಿ ವಿವರಿಸಿದ್ದರು. ಇದೇ ಕ್ರಿಯೆ ದೇಹದ ಉಷ್ಣತೆಯಲ್ಲಿ, ರಕ್ತದ ತೀರ ನಸು ಕ್ಷಾರದಲ್ಲಿ ನಡೆದರೆ? ಲೆಬನಾನಿನ ಒಂದು ಗಿಡದಿಂದ ತೆಗೆದ ಪೆಟಲಿನ್ ಎಂಬ ಆಲ್ಕಲಾಯ್ಡ್ ಸುಲಭವಾಗಿ ಒಡೆಯುವುದನ್ನು ಕಂಡಿದ್ದ ಜಾನ್ ಸ್ಟೆನ್‌ಲೇಕ್, ಎಸ್ಟರ್ ಗುಂಪುಗಳನ್ನು ಸರಿಯಾದ ಜಾಗದಲ್ಲಿ ಕೂರಿಸಿ ಅಟ್ರಾಕ್ಯೂರಿಯಂ ಅಣುವನ್ನು ಕಟ್ಟಿದರು. 1980ರ ದಶಕದ ಆರಂಭದಲ್ಲಿ ಅದು ಬಳಕೆಗೆ ಬಂತು. ಅಣುವಿನ ಈ ಗುಣ ಶೀಶೆಯಲ್ಲೂ ಬಿಡುವುದಿಲ್ಲ. ಆದ್ದರಿಂದಲೇ ಅದನ್ನು ಆಮ್ಲೀಯ ದ್ರಾವಣವಾಗಿ, 2ರಿಂದ 8 ಡಿಗ್ರಿಯ ತಂಪಿನಲ್ಲಿಡುತ್ತಾರೆ. ಹೃದಯ ಶಸ್ತ್ರಚಿಕಿತ್ಸೆಯಲ್ಲಿ ರೋಗಿಯ ದೇಹವನ್ನು ತಣಿಸಿದಾಗಲೂ ಔಷಧದ ಒಡೆತ ನಿಧಾನವಾಗಿ ಕಡಿಮೆ ಪ್ರಮಾಣ ಸಾಕಾಗುತ್ತದೆ.

ತಕರಾರು ಶುರುವಾದದ್ದು ಪಾಲಿನ ಲೆಕ್ಕದಲ್ಲಿ. 'ಅಟ್ರಾಕ್ಯೂರಿಯಂ ಹಾಫ್‌ಮನ್ ಕ್ರಿಯೆಯಿಂದ ಹೋಗುತ್ತದೆ' ಎಂಬ ವಾಕ್ಯ ಪಠ್ಯಗಳಲ್ಲಿ ನೆಲೆಯೂರಿದ ಹೊತ್ತಿಗೇ, 1986ರಲ್ಲಿ ಡೆನ್ನಿಸ್ ಫಿಶರ್ ಮತ್ತು ಸಹೋದ್ಯೋಗಿಗಳು ಪ್ರಯೋಗಾಲಯದಲ್ಲಿ ಔಷಧ ಒಡೆಯುವ ವೇಗವನ್ನು ರೋಗಿಗಳಲ್ಲಿ ಅದು ಮರೆಯಾಗುವ ವೇಗದೊಂದಿಗೆ ತಾಳೆ ನೋಡಿದರು. ಹಾಫ್‌ಮನ್ ಕ್ರಿಯೆ, ಎಸ್ಟರ್ ಜಲವಿಚ್ಛೇದನ (ಅಣುವಿನ ಎಸ್ಟರ್ ಗುಂಪುಗಳನ್ನು ಕಿಣ್ವಗಳು ಒಡೆಯುವುದು) ಎರಡನ್ನೂ ಕೂಡಿಸಿದರೂ ಲೆಕ್ಕ ತುಂಬಲಿಲ್ಲ. ಉಳಿದ ಗಣನೀಯ ಪಾಲನ್ನು ಅಂಗಗಳಿಗೇ ಸಲ್ಲಿಸಬೇಕಾಯಿತು. ಮೂತ್ರಪಿಂಡ ಅಥವಾ ಯಕೃತ್ತು ಕೆಟ್ಟವರಲ್ಲಿ ಪರಿಣಾಮದ ಅವಧಿ ಹೆಚ್ಚು ಬದಲಾಗದಿರುವುದು ಇದಕ್ಕೆ ಎದುರಾಗಿ ನಿಂತ ಸಾಕ್ಷ್ಯ. ಎರಡೂ ಕಡೆಯ ಅಳತೆಗಳಲ್ಲಿ ತೊಡಕುಗಳಿವೆ. ಪರೀಕ್ಷಾನಾಳದಲ್ಲಿ ಬಳಸುವ ಬಫರ್ ದ್ರಾವಣ ಬದಲಾದರೆ ಒಡೆಯುವ ವೇಗವೂ ಬದಲಾಗುತ್ತದೆ. ಸಾಮಾನ್ಯ ಗಣಿತ ಮಾದರಿಗಳು ಔಷಧ ರಕ್ತದಿಂದಷ್ಟೇ ಹೋಗುತ್ತದೆಂದು ಭಾವಿಸುತ್ತವೆ, ತಾನಾಗಿ ಒಡೆಯುವ ಅಣುವಾದರೋ ಅಂಗಾಂಶದೊಳಗೂ ಒಡೆಯುತ್ತದೆ. ಇನ್ನೊಂದು ತಪ್ಪು ಗ್ರಹಿಕೆಯನ್ನೂ ತಿದ್ದಬೇಕು: ಅಟ್ರಾಕ್ಯೂರಿಯಂನ ಎಸ್ಟರ್ ಒಡೆಯುವ ಕಿಣ್ವಗಳು ಸಕ್ಸಮೆಥೋನಿಯಂ ಒಡೆಯುವ ಕೋಲೀನೆಸ್ಟರೇಸ್ ಅಲ್ಲ; ಅದರ ಕೊರತೆಯುಳ್ಳವರಿಗೂ ಅಟ್ರಾಕ್ಯೂರಿಯಂ ಕೊಡಬಹುದು.

ಅಟ್ರಾಕ್ಯೂರಿಯಂ ಒಡೆದ ಮೇಲೆ ಉಳಿಯುವ ಲಾಡನೊಸಿನ್ ಎಂಬ ಉಪವಸ್ತು ಅಂಗಗಳ ಮೂಲಕವೇ ಹೋಗಬೇಕು. ಪ್ರಾಣಿಗಳಲ್ಲಿ ಹೆಚ್ಚಿನ ಪ್ರಮಾಣ ಸೆಳವು ತರಿಸಿದ್ದರಿಂದ ವರ್ಷಗಟ್ಟಲೆ ಚರ್ಚೆ ನಡೆಯಿತು. ಶಸ್ತ್ರಚಿಕಿತ್ಸೆಯ ಸಾಮಾನ್ಯ ಪ್ರಮಾಣದಲ್ಲಿ ಅದು ಆ ಮಟ್ಟ ಮುಟ್ಟುವುದಿಲ್ಲ. ಅಟ್ರಾಕ್ಯೂರಿಯಂನಲ್ಲಿರುವ ಹತ್ತು ಐಸೋಮರ್‌ಗಳ ಮಿಶ್ರಣದಿಂದ ಒಂದನ್ನೇ ಬೇರ್ಪಡಿಸಿದ ಸಿಸ್‌ಅಟ್ರಾಕ್ಯೂರಿಯಂ ಕಡಿಮೆ ಪ್ರಮಾಣದಲ್ಲಿ ಸಾಕಾಗುವುದರಿಂದ ಲಾಡನೊಸಿನ್ ಕೂಡ ಕಡಿಮೆ. ಅದರಲ್ಲಿ ಹಾಫ್‌ಮನ್ ಕ್ರಿಯೆಯ ಪಾಲು ಶೇ. 77 ಎಂದು 1996ರ ಅಧ್ಯಯನವೊಂದು ಲೆಕ್ಕ ಹಾಕಿತು. ಅಟ್ರಾಕ್ಯೂರಿಯಂಗೆ ಹೇಳುವ ಮಾತು ಇದಕ್ಕೇ ಹೆಚ್ಚು ಒಪ್ಪುತ್ತದೆ.

ಸ್ಟಿರಾಯ್ಡ್ ಗುಂಪಿನ ಪ್ಯಾಂಕ್ಯುರೋನಿಯಂ, ವೆಕ್ಯುರೋನಿಯಂ, ರೊಕ್ಯುರೋನಿಯಂಗಳು ಮೂತ್ರಪಿಂಡ ಮತ್ತು ಯಕೃತ್ತನ್ನು ಬೇರೆಬೇರೆ ಪ್ರಮಾಣದಲ್ಲಿ ನೆಚ್ಚಿವೆ. ತೀವ್ರ ನಿಗಾ ಘಟಕದಲ್ಲಿ ದಿನಗಟ್ಟಲೆ ವೆಕ್ಯುರೋನಿಯಂ ಪಡೆದವರಲ್ಲಿ, ಔಷಧ ನಿಲ್ಲಿಸಿದ ಮೇಲೂ ನಿಶ್ಚಲತೆ ಮುಂದುವರಿದದ್ದನ್ನು ಸೆಗ್ರೆಡೊ ಮತ್ತಿತರರು 1992ರಲ್ಲಿ ದಾಖಲಿಸಿದರು. ಮೂತ್ರಪಿಂಡ ಸೋತವರ ರಕ್ತದಲ್ಲಿ ಅದರ ಸಕ್ರಿಯ ಉಪವಸ್ತುವಾದ 3-ಡೆಸಅಸಿಟೈಲ್ ವೆಕ್ಯುರೋನಿಯಂ ಸಂಗ್ರಹವಾಗಿತ್ತು.

2008ರಲ್ಲಿ ಯುರೋಪಿನಲ್ಲಿ, 2015ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸುಗಮಡೆಕ್ಸ್ ರೊಕ್ಯುರೋನಿಯಂ ಅಣುವನ್ನು ರಕ್ತದಲ್ಲೇ ತನ್ನೊಳಗೆ ಸೆರೆಹಿಡಿಯುತ್ತದೆ. ಪರಿಣಾಮ ನಿಮಿಷಗಳಲ್ಲಿ ಇಳಿದರೂ ಔಷಧ ದೇಹದಲ್ಲೇ ಇರುತ್ತದೆ. ಮುಖ್ಯವಾಗಿ ಪಿತ್ತರಸದ ಮೂಲಕ ಹೋಗುತ್ತಿದ್ದ ರೊಕ್ಯುರೋನಿಯಂ ಈ ಜೋಡಿಯಾದ ಮೇಲೆ ಮೂತ್ರಪಿಂಡದ ಹೊಣೆಯಾಗುತ್ತದೆ. ಮೂತ್ರಪಿಂಡ ತೀವ್ರವಾಗಿ ಸೋತವರಲ್ಲಿ ಇದು ದಿನಗಟ್ಟಲೆ ರಕ್ತದಲ್ಲಿ ಉಳಿಯುವುದರಿಂದ ತಯಾರಕರ ಸೂಚನಾಪತ್ರ ಅಂಥವರಿಗೆ ಶಿಫಾರಸು ಮಾಡುವುದಿಲ್ಲ, ಆದರೂ ಹಲವು ಕಡೆ ಅರಿವಳಿಕೆ ತಜ್ಞರು ಬಳಸುತ್ತಾರೆ. ಡಯಾಲಿಸಿಸ್‌ನಲ್ಲಿ ಈ ಜೋಡಿ ಹೊರಬರುತ್ತದೆಯೇ ಎಂಬುದು ಯಂತ್ರದ ಪೊರೆಯ ಮೇಲೆ ನಿಂತಿದೆ: ದೊಡ್ಡ ರಂಧ್ರದ ಹೈ-ಫ್ಲಕ್ಸ್ ಪೊರೆಯಾದರೆ ಬರುತ್ತದೆ, ಲೋ-ಫ್ಲಕ್ಸ್ ಆದರೆ ಹೆಚ್ಚು ಪ್ರಯೋಜನವಿಲ್ಲ.