ಗುದ್ದಲಿಯ ಪ್ರಾಯಶ್ಚಿತ್ತ

ಮನೆ ಬಿದ್ದವನಿಗೆ ದಾನ ಕೊಡುವವರು ಎಲ್ಲ ಕಾಲದಲ್ಲಿಯೂ ಉಂಟು. ಅವನ ಪಕ್ಕದಲ್ಲಿ ನಿಂತು ಮಣ್ಣು ಹೊರುವವರು ವಿರಳ. ಅಂತಹ ವಿರಳರ ಕಥೆಯೊಂದು ಫ್ರಾನ್ಸಿನ ಹಾಳುಹಳ್ಳಿಯಿಂದ ಹೊರಟು ನಮ್ಮ ಬಿಹಾರದವರೆಗೆ ಬಂದಿತು.

ಕ್ವೇಕರರೆಂದು ಲೋಕವು ಕರೆಯುವ ಮಿತ್ರಸಮಾಜ 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ ಕ್ರೈಸ್ತ ಪಂಥ. ಅಲ್ಲಿ ಇವರ ಆರಾಧನೆಗೆ ಪಾದ್ರಿಯಿಲ್ಲ. ಒಟ್ಟಿಗೆ ಕುಳಿತ ಮೌನವೇ ಪೂಜೆ. ಶಸ್ತ್ರ ಹಿಡಿಯಬಾರದೆಂಬುದು ಇವರ ನಿಷ್ಠೆ. ಆದರೆ ಯುದ್ಧಕ್ಕೆ ಹೋಗಲಾರೆನೆಂದವನನ್ನು ಜನ ಹೇಡಿಯೆನ್ನದೆ ಬಿಟ್ಟಾರೆಯೆ? ಆ ಮಾತಿಗೆ ಇವರು ವಾದದಿಂದಲ್ಲ, ಕೈಕೆಲಸದಿಂದ ಉತ್ತರ ಕೊಟ್ಟರು. 1870ರ ಫ್ರಾನ್ಸ್–ಪ್ರಷ್ಯಾ ಯುದ್ಧದಲ್ಲಿ ಕೆಂಪು-ಕಪ್ಪು ನಕ್ಷತ್ರದ ಗುರುತು ಧರಿಸಿ ನಿರಾಶ್ರಿತರಿಗೆ ನೆರವಾದರು. 1914ರ ಮಹಾಯುದ್ಧದಲ್ಲಿ ಮಾರ್ನ್, ಮ್ಯೂಸ್ ಪ್ರಾಂತಗಳ ಸುಟ್ಟ ಹಳ್ಳಿಗಳಲ್ಲಿ ಮರದ ಮನೆಗಳನ್ನು ಕಟ್ಟಿಕೊಟ್ಟರು.

ಈ ದಾರಿಯನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದವರು ಪಿಯೇರ್ ಸೆರೆಸೋಲ್. ಸ್ವಿಟ್ಜರ್ಲೆಂಡಿನ ಅಧ್ಯಕ್ಷರಾಗಿದ್ದವರೊಬ್ಬರ ಮಗ, ವೃತ್ತಿಯಿಂದ ಇಂಜಿನಿಯರು. ಸೈನ್ಯದ ತೆರಿಗೆ ಕೊಡಲಾರೆನೆಂದು ಸೆರೆಮನೆ ಕಂಡವರು. 1920ರ ಚಳಿಗಾಲದಲ್ಲಿ ಅವರು ವೆರ್ಡನ್ ರಣಭೂಮಿಯ ಸಮೀಪದ ಏನ್ ಎಂಬ ಹಳ್ಳಿಗೆ ಒಂದು ಸಣ್ಣ ತಂಡ ಕಟ್ಟಿಕೊಂಡು ಹೋದರು. ಅದರಲ್ಲಿ ಸೈನ್ಯಾಧಿಕಾರಿಯಾಗಿದ್ದ ಅವರ ಸಹೋದರನಿದ್ದ, ಇಂಗ್ಲೆಂಡಿನ ಕ್ವೇಕರನಿದ್ದ. ಎಲ್ಲಕ್ಕಿಂತ ವಿಶೇಷವಾಗಿ, ಮೂವರು ಜರ್ಮನರಿದ್ದರು. ಹಾಳುಮಾಡಿದ ನಾಡಿನವರೇ ಗುದ್ದಲಿ ಹಿಡಿದು ಬಂದಿದ್ದರು. ಗುಂಡಿ ಮುಚ್ಚಿದರು, ರಸ್ತೆ ಸರಿಪಡಿಸಿದರು, ತಾತ್ಕಾಲಿಕ ಮನೆಗಳನ್ನು ನಿಲ್ಲಿಸಿದರು. ಆದರೆ ಗಾಯ ಇನ್ನೂ ಹಸಿಯಾಗಿತ್ತು. ಜರ್ಮನರನ್ನು ಕಳುಹಿಸಿದರೆ ಮಾತ್ರ ಉಳಿದವರು ಇರಬಹುದೆಂಬ ಒತ್ತಾಯ ಬಂದಿತು. 1921ರ ವಸಂತದಲ್ಲಿ ಇಡೀ ತಂಡವೇ ಹೊರಟುಬಿಟ್ಟಿತು. ಹೀಗೆ ಆರಂಭವಾದದ್ದೇ ಅಂತರರಾಷ್ಟ್ರೀಯ ಸ್ವಯಂಸೇವಾ ಸಂಸ್ಥೆ. ಸೋಲೇ ಅದರ ತೊಟ್ಟಿಲು.

1934ರ ಜನವರಿ 15ರಂದು ಬಿಹಾರ ಮತ್ತು ನೇಪಾಳಗಳು ನಡುಗಿದವು. 10,000ಕ್ಕೂ ಹೆಚ್ಚು ಜನ ಸತ್ತರು. ಮುಂಗೇರ್, ಮುಜಫ್ಫರ್‌ಪುರ ನಗರಗಳು ಕುಸಿದವು. ಭೂಮಿ ಬಿರಿದು ಉಕ್ಕಿದ ಮರಳು ಹೊಲಗಳನ್ನು ಮುಚ್ಚಿತು. ಅಸ್ಪೃಶ್ಯತೆಯ ಪಾಪಕ್ಕೆ ದೇವರಿತ್ತ ಶಿಕ್ಷೆಯಿದು ಎಂದರು ಗಾಂಧೀಜಿ. ಪ್ರಕೃತಿಯ ವ್ಯಾಪಾರಕ್ಕೂ ಮನುಷ್ಯನ ನೀತಿಗೂ ಗಂಟುಹಾಕುವುದು ಸಲ್ಲದೆಂದು ರವೀಂದ್ರರು ಪ್ರತಿಭಟಿಸಿದರು. ಆ ವಾದ ಇಂದಿಗೂ ಪ್ರಸಿದ್ಧ. ಅದರ ಮಗ್ಗುಲಲ್ಲೇ ನಡೆದ ಸದ್ದಿಲ್ಲದ ಕೆಲಸ ಮಾತ್ರ ನಮ್ಮ ನೆನಪಿನಿಂದ ಜಾರಿದೆ.

ಸೆರೆಮನೆಯಿಂದ ಬಿಡುಗಡೆಯಾದ ಬಾಬು ರಾಜೇಂದ್ರಪ್ರಸಾದರು ಪರಿಹಾರಕಾರ್ಯದ ಹೊಣೆ ಹೊತ್ತಿದ್ದರು. ಐವತ್ತು ದಾಟಿದ ಸೆರೆಸೋಲ್ ಅದೇ ವರ್ಷ ಇಲ್ಲಿಗೆ ಬಂದರು. 1937ರವರೆಗೆ ಮತ್ತೆ ಮತ್ತೆ ಬಂದು, ಯುರೋಪಿನ ಕೆಲವು ಸಂಗಡಿಗರೊಡನೆ, ನೆರೆಗೆ ಸಿಕ್ಕುವ ಹಳ್ಳಿಗಳನ್ನು ಎತ್ತರದ ನೆಲಕ್ಕೆ ಸಾಗಿಸಿ ಹೊಸದಾಗಿ ಕಟ್ಟುವ ಕೆಲಸದಲ್ಲಿ ತೊಡಗಿದರು. ಅಂಥ ಒಂದು ಹಳ್ಳಿಗೆ ಶಾಂತಿಪುರವೆಂಬ ಹೆಸರಾಯಿತು. ಈ ನಡುವೆಯೇ, 1936ರಲ್ಲಿ, ಅವರು ಕ್ವೇಕರರ ಸಮಾಜವನ್ನು ಸೇರಿದರು.

ಏನ್ ಹಳ್ಳಿಯಲ್ಲಿ ಅಪರಾಧಿ ಯಾರೆಂಬುದು ಗೊತ್ತಿತ್ತು, ಪ್ರಾಯಶ್ಚಿತ್ತಕ್ಕೆ ಅರ್ಥವಿತ್ತು. ಬಿಹಾರದಲ್ಲಿ ನೆಲ ನಡುಗಿದ್ದಕ್ಕೆ ಯಾರನ್ನು ದೂರುವುದು? ಆದರೂ ಅಲ್ಲಿಯೂ ತೀರಿಸಬೇಕಾದ ಋಣವೊಂದಿತ್ತೆಂದು ನನಗೆ ತೋರುತ್ತದೆ. ದೊರೆಗಳ ಮೈಬಣ್ಣದವನು ಕುದುರೆಯ ಮೇಲೆ ಕುಳಿತು ಅಪ್ಪಣೆ ಮಾಡುವುದನ್ನು ಕಂಡ ನಾಡು ಅದು. ಮಣ್ಣಿನ ಬುಟ್ಟಿ ಹೊರುವುದು ಕೀಳುಜಾತಿಯವರ ಪಾಲೆಂದು ನಂಬಿದ ನಾಡೂ ಹೌದು. ಗಾಂಧೀಜಿ ಹೇಳಿದ ಪಾಪಕ್ಕೂ ಭೂಕಂಪಕ್ಕೂ ಸಂಬಂಧವಿಲ್ಲದಿರಬಹುದು. ಆ ಪಾಪಕ್ಕೂ ಗುದ್ದಲಿಗೂ ಸಂಬಂಧವಿತ್ತು.

ಇಡೀ ಪ್ರಾಂತದ ಹಾನಿಯೆದುರು ಆ ನಾಲ್ಕಾರು ಜನರ ದುಡಿಮೆ ಅತ್ಯಲ್ಪವೆಂಬುದು ನಿಜ. 1945ರಲ್ಲಿ ಸೆರೆಸೋಲ್ ತೀರಿಕೊಂಡರು. 1947ರಲ್ಲಿ ಕ್ವೇಕರರ ಸೇವಾಸಂಸ್ಥೆಗಳಿಗೆ ನೊಬೆಲ್ ಶಾಂತಿ ಪಾರಿತೋಷಕ ಸಂದಿತು. ನಮ್ಮಲ್ಲಿ ನೆರೆ ಬಂದಾಗ, ಗುಡ್ಡ ಕುಸಿದಾಗ, ನಾವೂ ಚಂದಾ ಎತ್ತುತ್ತೇವೆ, ಹಳೆಯ ಬಟ್ಟೆ ಕಳುಹಿಸುತ್ತೇವೆ. ಅದೂ ಬೇಕಾದದ್ದೇ. ಆದರೆ ಪರರ ಗೋಡೆಗೆ ಒಂದು ದಿನ ಮಣ್ಣು ಹೊತ್ತವನು ಆ ಮನೆಯವರ ಹೆಸರು ಕೇಳದೆ ಹಿಂದಿರುಗಲಾರ. ಹಣ ಕಳುಹಿಸಿದವನಿಗೆ ಆ ಹೆಸರು ಬೇಕಾಗುವುದೇ ಇಲ್ಲ.